ಅನ್ವಿತಾ ಓದಿ ಮುಗಿಸಿದ ಪಾಠ

ಸತ್ತವರು ಮರಳಿ ಬರುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ನಮ್ಮ ಕಡೆಯ ದೈವಗಳ ವಿಷಯ ಬೇರೆ. ಅವಕ್ಕೆ ಕೈ ಮುಗಿಯುತ್ತೇನೆ, ಹೆಚ್ಚು ಚರ್ಚೆ ಮಾಡುವುದಿಲ್ಲ. ನಾನು ಹೇಳುತ್ತಿರುವುದು ತುಳುವಿನಲ್ಲಿ ಕುಲೆಗಳು ಎನ್ನುವ, ಸತ್ತವರ ಆತ್ಮಗಳ ಬಗ್ಗೆ. ಮಳೆಗಾಲದ ಆಟಿ ತಿಂಗಳಲ್ಲಿ ಅಜ್ಜಿ ತೀರಿಕೊಂಡವರಿಗೆಂದು ಎಲೆ ಹಾಕಿ ಬಡಿಸಿದರೆ, "ಆ ಕೋಳಿಸಾರು ಅಜ್ಜ ತಿಂದದ್ದೋ ಬೆಕ್ಕು ತಿಂದದ್ದೋ?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದ ಹುಡುಗಿ ನಾನು. ವಯಸ್ಸಾದ ಮೇಲೂ ಆ ಬುದ್ಧಿ ಹೋಗಲಿಲ್ಲ. ಆದ್ದರಿಂದ ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಮಂಗಳೂರಿನ ಒಂದು ಕ್ರೈಸ್ತ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಹಾಯ ಕೇಂದ್ರದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಹಾಸ್ಟೆಲಿನಲ್ಲಿ ನಿದ್ದೆ ಬಾರದವರು, ಮನೆ ನೆನೆದು ಅಳುವವರು, ಇಂಗ್ಲಿಷಿಗೆ ಹೆದರಿ ತರಗತಿ ತಪ್ಪಿಸುವವರು, ಪ್ರೀತಿ ಮುರಿದು ಊಟ ಬಿಟ್ಟವರು, ಎಲ್ಲರೂ ನಮ್ಮ ಬಾಗಿಲಿಗೇ ಬರುತ್ತಿದ್ದರು. ಇವುಗಳ ನಡುವೆ ನನಗೆ ಅತ್ಯಂತ ಇಷ್ಟವಾದ ಕೆಲಸವೊಂದಿತ್ತು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠ ಓದಿ ಹೇಳಲು ಬೇರೆ ವಿದ್ಯಾರ್ಥಿಗಳನ್ನು ಜೋಡಿಸಿಕೊಡುವುದು. ಅದಕ್ಕಾಗಿ ನನ್ನ ಮೇಜಿನ ಹಿಂದೆಯೇ ಒಂದು ಸಣ್ಣ ಕೋಣೆಯಿತ್ತು. ಎರಡು ಕುರ್ಚಿ, ಒಂದು ಫ್ಯಾನು, ಸರಳು ಹಾಕಿದ ಕಿಟಕಿ. ಬಾಗಿಲು ಒಂದೇ. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲರೂ ನನ್ನ ಮೇಜಿನ ಪಕ್ಕದಿಂದಲೇ ಹಾದು ಹೋಗಬೇಕು.

ಸಂದೇಶ ನದಿಯಾಚೆಯ ಬೆಂಗ್ರೆಯ ಹುಡುಗ. ಹುಟ್ಟಿನಿಂದಲೇ ಕಣ್ಣು ಕಾಣದು. ತಂದೆ ಮೀನಿನ ದೋಣಿಗೆ ಹೋಗುವವರು. ಬೆಳಿಗ್ಗೆ ಅಣ್ಣ ಫೆರಿ ಹತ್ತಿಸಿದರೆ ಈಚೆ ದಡದಲ್ಲಿ ಯಾರಾದರೂ ಗೆಳೆಯರು ಕರೆದುಕೊಂಡು ಬರುತ್ತಿದ್ದರು. ಅವನಿಗೆ ಇತಿಹಾಸ ಓದಿ ಹೇಳುತ್ತಿದ್ದವಳು ಅನ್ವಿತಾ. ಬೈಕಂಪಾಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಕಾಮರ್ಸ್ ಹುಡುಗಿ. ತಂದೆ ಗಲ್ಫಿನಲ್ಲಿ, ಮನೆಯಲ್ಲಿ ತಾಯಿ ಮತ್ತು ಅವಳು ಇಬ್ಬರೇ. ಪೋರ್ಚುಗೀಸರ ಹೆಸರು ಬಂದರೆ ಅವಳ ನಾಲಿಗೆ ತಡವರಿಸುತ್ತಿತ್ತು. ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲಕ್ಕೆ ತಾನೇ ನಗುತ್ತಿದ್ದಳು. ಆ ನಗು ನನ್ನ ಮೇಜಿಗೆ ಕೇಳುತ್ತಿತ್ತು. ಸಂಜೆ ಚಾಪೆಲಿನ ಗಂಟೆ ಬಡಿಯುವಾಗ ಅವಳು ಓದು ನಿಲ್ಲಿಸಿ, ಗಂಟೆ ಮುಗಿದ ಮೇಲೆ ಮುಂದುವರಿಸುತ್ತಿದ್ದಳು. ಗಂಟೆಯ ಸದ್ದಿಗೆ ಸ್ವರ ಕೇಳುವುದಿಲ್ಲ ಎಂಬುದಷ್ಟೇ ಕಾರಣ. ಆದರೆ ನಮ್ಮ ಕೇಂದ್ರದ ಮುಖ್ಯಸ್ಥರಾದ ಫಾದರ್ ಅದನ್ನು ಭಕ್ತಿಯೆಂದು ತಿಳಿದು ಬಹಳ ಮೆಚ್ಚಿಕೊಂಡಿದ್ದರು.

ಪರೀಕ್ಷೆಗೆ ಮೊದಲು ಓದಲು ರಜೆ ಕೊಡುತ್ತಾರಲ್ಲ, ಆ ರಜೆ ಶುರುವಾಗುವ ದಿನ ಇಬ್ಬರೂ ನನ್ನ ಎದುರೇ ಮಾತಾಡಿಕೊಂಡರು. ಕೊನೆಯ ಪಾಠ ಒಂದು ಬಾಕಿ ಉಂಟು, ಪರೀಕ್ಷೆಯ ಹಿಂದಿನ ಸಂಜೆ ಬಂದು ಓದಿ ಮುಗಿಸುವುದು ಎಂದು. ರಜೆಯಲ್ಲಿ ಅನ್ವಿತಾಳಿಗೆ ಜ್ವರ ಬಂತು. ಡೆಂಗಿ. ಆಸ್ಪತ್ರೆಗೆ ಸೇರಿಸಿದರು, ರಕ್ತ ಕೊಟ್ಟರು, ಇನ್ನೇನು ಪರವಾಗಿಲ್ಲ ಎಂದರು. ಮರುದಿನ ಹುಡುಗಿ ಇರಲಿಲ್ಲ. ಸಾಯುವ ಪ್ರಾಯವೇ ಅದು?

ಇಲ್ಲಿ ಒಂದು ಸಂಗತಿ ಹೇಳಬೇಕು. ಅವಳು ತೀರಿಕೊಂಡ ಸುದ್ದಿಯನ್ನು ವಿದ್ಯಾರ್ಥಿ ಸಂಘದವರು ಒಂದು ಚಿತ್ರ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರು. ನಗುವ ಫೋಟೋ, ಸುತ್ತ ಹೂವು, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಅದರ ಕೆಳಗೆ ಎಲ್ಲರೂ ಕೈಮುಗಿದ ಗುರುತು ಹಾಕಿದರು. ಸಂದೇಶ ರಜೆಯಲ್ಲಿ ಮನೆಯಲ್ಲೇ ಇದ್ದ. ಅವನ ಹಳೆಯ ಫೋನು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಆದರೆ ಚಿತ್ರದ ಒಳಗೆ ಬರೆದದ್ದು ಅದಕ್ಕೆ ತಿಳಿಯುವುದಿಲ್ಲ. ಕಣ್ಣು ಕಾಣದವರಿಗಾಗಿ ಕೆಲಸ ಮಾಡುವ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ. ಯಾರಾದರೂ ಹೇಳಿರುತ್ತಾರೆ ಎಂದು ನಾವೆಲ್ಲರೂ ತಿಳಿದುಕೊಂಡೆವು.

ಅವಳ ಉತ್ತರಕ್ರಿಯೆ, ನಮ್ಮ ಮಾತಿನಲ್ಲಿ ಬೊಜ್ಜ, ಬಂದದ್ದು ಸಂದೇಶನ ಇತಿಹಾಸ ಪರೀಕ್ಷೆಯ ಹಿಂದಿನ ದಿನವೇ. ಮಧ್ಯಾಹ್ನ ನಾನು ಬೈಕಂಪಾಡಿಗೆ ಹೋಗಿ ಊಟ ಮಾಡಿ ಬಂದೆ. ಊಟವೆಂದರೆ ಎಲೆಯ ಮುಂದೆ ಕೂತು ಎದ್ದದ್ದು ಅಷ್ಟೇ. ತಾಯಿ ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಅವರ ಹತ್ತಿರ ಮಾತಾಡುವ ಧೈರ್ಯ ನನಗಾಗಲಿಲ್ಲ. ಪರೀಕ್ಷೆಯ ಸಮಯ, ಕೇಂದ್ರ ಮುಚ್ಚುವ ಹಾಗಿರಲಿಲ್ಲ. ಬಸ್ಸು ಹತ್ತಿ ಹಿಂದೆ ಬಂದೆ. ತಡವಾಗಿ ತಲುಪಿದಾಗ ಓದುವ ಕೋಣೆಯ ಬಾಗಿಲು ಮುಚ್ಚಿತ್ತು, ಹೊರಗೆ ಸಂದೇಶನ ಚಪ್ಪಲಿ ಇತ್ತು.

ಕುರ್ಚಿಯಲ್ಲಿ ಕೂತ ಸ್ವಲ್ಪ ಹೊತ್ತಿಗೆ ಒಳಗಿಂದ ಅನ್ವಿತಾಳ ಸ್ವರ ಕೇಳಿತು.

ನನಗೆ ಭಯವೇನೂ ಆಗಲಿಲ್ಲ, ನಿಜ ಹೇಳುತ್ತೇನೆ. ಅವಳು ಓದುವುದನ್ನು ಸಂದೇಶ ಆಗಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಅದನ್ನೇ ಹಾಕಿಕೊಂಡು ಕೇಳುತ್ತಿದ್ದಾನೆ, ಪಾಪ, ಅವನಿಗೆ ಅವಳ ಫೋಟೋ ನೋಡಿ ಅಳುವ ಭಾಗ್ಯವೂ ಇಲ್ಲ, ಸ್ವರವೊಂದೇ ಉಳಿದದ್ದು ಎಂದುಕೊಂಡೆ. ಅವನನ್ನು ಅವನ ಪಾಡಿಗೆ ಬಿಟ್ಟು ಹೊರಗೆ ಕೂತು ನಾನೂ ಅತ್ತೆ. ಒಳಗೆ ಓದು ನಡೆಯುತ್ತಲೇ ಇತ್ತು. ಯಾವುದೋ ಹೆಸರಿಗೆ ತಡವರಿಸಿ ನಕ್ಕದ್ದು ಕೇಳಿತು. ಸಂದೇಶ ಏನೋ ಕೇಳಿದ, ಉತ್ತರ ಬಂತು. ಚಾಪೆಲಿನ ಗಂಟೆ ಬಡಿಯಿತು, ಸ್ವರ ನಿಂತಿತು. ಗಂಟೆ ಮುಗಿಯಿತು, ಓದು ಮುಂದುವರಿಯಿತು. ಆಗ ಇದು ಯಾವುದೂ ನನಗೆ ವಿಚಿತ್ರವೆನಿಸಲಿಲ್ಲ, ಅಷ್ಟು ಅಭ್ಯಾಸವಾಗಿ ಹೋಗಿತ್ತು.

ಹೊರಗೆ ಪೂರ್ತಿ ಕತ್ತಲಾಗಿ ಸುಮಾರು ಹೊತ್ತಾದ ಮೇಲೆ ಸಂದೇಶ ಹೊರಗೆ ಬಂದ. ಮುಖ ಗೆಲುವಾಗಿತ್ತು.

"ಮುಗೀತು ಮೇಡಂ. ಇನ್ನು ನಾಳೆ ಹೆದರ್ಲಿಕ್ಕೆ ಎಂತ ಇಲ್ಲ," ಎಂದ. "ಅವಳಿಗೆ ಶೀತ ಆಗಿದೆ ಕಾಣ್ತದೆ. ಸ್ವರ ಸಣ್ಣ ಆಗಿತ್ತು. ನಿಮ್ಮತ್ರ ಹೇಳಿ ಹೋದಳಲ್ಲ?"

"ಯಾರು?"

"ಅನ್ವಿತಾ. ಈಗ ನನ್ನಿಂದ ಮೊದಲು ಎದ್ದು ಬಂದಳಲ್ಲ."

ನನ್ನ ಪಕ್ಕದಿಂದ ಯಾರೂ ಹಾದು ಹೋಗಿರಲಿಲ್ಲ. ಎದ್ದು ಹೋಗಿ ಕೋಣೆ ನೋಡಿದೆ. ಎರಡು ಕುರ್ಚಿಗಳು ಎದುರುಬದುರಾಗಿ ಇದ್ದವು, ಫ್ಯಾನು ತಿರುಗುತ್ತಿತ್ತು. ಅವನಿಗೆ ಏನೂ ಗೊತ್ತಿಲ್ಲ ಎಂಬುದು ಆಗ ತಲೆಗೆ ಹೋಯಿತು. ಆ ಕ್ಷಣದಲ್ಲಿ ನನ್ನನ್ನು ಕಾಡಿದ್ದು ಕುಲೆಯ ಹೆದರಿಕೆಯಲ್ಲ, ಈ ಹುಡುಗನಿಗೆ ಹೇಗೆ ಹೇಳಲಿ ಎಂಬ ಸಂಕಟ. ಕೈ ಹಿಡಿದು ಕೂರಿಸಿ ಹೇಳಿದೆ. ಮೊದಲು ಅವನು, "ಎಂತ ಮೇಡಂ ತಮಾಷೆ," ಎಂದ. ಮಧ್ಯಾಹ್ನ ಅವಳ ಬೊಜ್ಜದ ಊಟಕ್ಕೆ ಹೋಗಿ ಬಂದೆ ಎಂದೆ.

ಅವನನ್ನು ಒಬ್ಬನನ್ನೇ ಕಳಿಸಲು ಮನಸ್ಸಾಗದೆ ರಿಕ್ಷಾದಲ್ಲಿ ಫೆರಿಯವರೆಗೆ ಹೋದೆ. ದಾರಿಯಲ್ಲಿ ಅವನೇ ಮಾತು ತೆಗೆದ. "ಗ್ರೂಪಿನಲ್ಲಿ ಒಂದು ಫೋಟೋ ಬಂದಿತ್ತು ಮೇಡಂ. ಫೋನು ಬರೀ ಕೈಮುಗಿದದ್ದು, ಕೈಮುಗಿದದ್ದು ಅಂತ ಓದ್ತಾ ಇತ್ತು. ಯಾವುದೋ ಹಬ್ಬದ್ದು ಇರ್ಬೇಕು ಅಂತ ನಾನೂ ಒಂದು ಕೈಮುಗಿದದ್ದು ಹಾಕಿದೆ." ದೋಣಿಗೆ ಕಾಲಿಡುವಾಗ ತಿರುಗಿ, "ಹಾಗಾದ್ರೆ ಇಷ್ಟೊತ್ತು ನನ್ನ ಎದುರು ಕೂತದ್ದು ಯಾರು ಮೇಡಂ?" ಎಂದು ಕೇಳಿದ.

ಮರುದಿನ ಅವನು ಪರೀಕ್ಷೆ ಬರೆದ. ಕೊನೆಯ ಪಾಠದಿಂದ ದೊಡ್ಡ ಪ್ರಶ್ನೆಯೇ ಬಂದಿತ್ತು, ಚೆನ್ನಾಗಿ ಉತ್ತರ ಹೇಳಿ ಬರೆಸಿದ ಎಂದು ಅವನ ಪರವಾಗಿ ಬರೆದ ಹುಡುಗಿ ಹೇಳಿದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಕಂಡದ್ದೂ ಅಲ್ಲ, ಬರೀ ಕೇಳಿದ್ದು. ಪ್ರಮಾಣಿಸಿ ನೋಡದೆ ಬಿಡುತ್ತೇನೆಯೇ? ಅವನ ಒಪ್ಪಿಗೆ ಕೇಳಿ ಫೋನು ಪೂರ್ತಿ ಹುಡುಕಿದೆ. ಹಿಂದಿನ ಪಾಠಗಳೆಲ್ಲ ಇದ್ದವು, ಕೊನೆಯದು ಇರಲಿಲ್ಲ. ಬೇರೆ ಯಾರಾದರೂ ಹುಡುಗಿ ಬಂದು ಓದಿದಳೇ ಎಂದು ವಿಚಾರಿಸಿದೆ, ಯಾರೂ ಇಲ್ಲ. ಅಳುತ್ತ ಕೂತವಳ ಕಿವಿ ತನಗೆ ಬೇಕಾದದ್ದನ್ನು ಕೇಳಿಸಿಕೊಂಡಿತು ಎಂದೂ ಹೇಳಬಹುದು. ಆದರೆ ಒಂದೇ ಸಂಜೆ ಇಬ್ಬರ ಕಿವಿಯೂ? ಫಾದರ್ ಹತ್ತಿರ ಹೇಳಿದೆ. ಅವರು ನಗಲಿಲ್ಲ, ಹೌದೆನ್ನಲೂ ಇಲ್ಲ. "ನಿಮಗೆ ರಜೆ ಬೇಕಾ ಮೇಡಂ?" ಎಂದು ಮೆಲ್ಲಗೆ ಕೇಳಿದರು. ನನಗೆ ಸಿಟ್ಟು ಬಂತು. ಮರುಳು ಹಿಡಿದಿದೆ ಎಂದು ನೇರವಾಗಿ ಹೇಳಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅಂದಿನಿಂದ ಈ ವಿಷಯ ಬಾಯಿ ಬಿಟ್ಟಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅನ್ವಿತಾಳ ತಾಯಿಯನ್ನು ನೋಡಲು ಹೋದೆ. ಬಂದವರೆಲ್ಲ ಹೋಗಿ, ತಂದೆಯೂ ಗಲ್ಫಿಗೆ ಮರಳಿ ಮನೆ ಖಾಲಿಯಾಗಿತ್ತು. ಚಹಾ ಮಾಡಿ ಕೊಟ್ಟರು, ಪಕ್ಕದಲ್ಲೇ ಕೂತರು. ನಮ್ಮಲ್ಲಿ ಬೊಜ್ಜದ ದಿನ ಕತ್ತಲಾಗುವ ಹೊತ್ತಿಗೆ ದೀಪ ಹಿಡಿದು ಹೊರಗೆ ನಿಂತು, ಸತ್ತವರನ್ನು ಹೆಸರು ಹಿಡಿದು, 'ಉಲಾಯಿ ಬಲಾ', ಒಳಗೆ ಬಾ ಎಂದು ಮನೆಯೊಳಗೆ ಕರೆಯುವ ಕ್ರಮವಿದೆ. ಅದುವರೆಗೆ ಹೊರಗೆ ಅಲೆಯುವ ಜೀವ ಆಮೇಲೆ ಹಿರಿಯರ ಜೊತೆ ಸೇರುತ್ತದೆ ಎಂದು ನಂಬಿಕೆ. ಅವರು ಆ ಮಾತನ್ನೇ ತೆಗೆದರು.

"ಕರೆದೆವು ಮೇಡಂ. ಅವಳ ಮಾವ ಕರೆದರು, ನಾನೂ ಕರೆದೆ. 'ಬಲಾ ಮಗಾ, ಉಲಾಯಿ ಬಲಾ' ಅಂತ. ಬರ್ಲಿಲ್ಲ. ಎಲ್ಲರೂ ಬಂದಳು, ಬಂದಳು ಅಂದ್ರು. ಹೆತ್ತವಳಿಗೆ ಗೊತ್ತಾಗುದಿಲ್ವಾ? ನಾನು ಬಾಗಿಲು ಹಾಕ್ಲಿಕ್ಕೆ ಬಿಡ್ಲಿಲ್ಲ. ಅಲ್ಲೇ ಮೆಟ್ಟಿಲಲ್ಲಿ ಕೂತೆ. ಸುಮಾರು ಹೊತ್ತು ಕಳೆದ ಮೇಲೆ ಬಂದಳು. ನನ್ನ ಹತ್ತಿರದಿಂದಲೇ ಒಳಗೆ ಹೋದಳು."

ನನ್ನ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ.

"ಜೀವ ಇರುವಾಗಲೂ ಹಾಗೆಯೇ," ಎಂದರು ಅವರು. "ಒಂದು ದಿನ ಕಾಲೇಜಿನಿಂದ ಹೊತ್ತಿಗೆ ಸರಿಯಾಗಿ ಬಂದವಳಲ್ಲ. ನಾನು ಬಯ್ಯುದು, ಅವಳು ನಗಾಡುದು. ಅವತ್ತಾದ್ರೂ ಬಯ್ಯಬಾರದಿತ್ತು ಮೇಡಂ. ಅವತ್ತೂ ಬಾಯಿಗೆ ಬಂದೇಬಿಟ್ಟಿತು, 'ಎಲ್ಲಿದ್ದೆ ಇಷ್ಟೊತ್ತು' ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು. "ಅಲ್ಲಿ ಎಂತ ಅಷ್ಟು ಕೆಲಸ ಇರ್ತಿತ್ತು ಅವಳಿಗೆ?"

ನಂಬುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ನಂಬದೆ ಇರಲು ಏನು ಕಾರಣ ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ. ಆ ದಿನ ಆ ತಾಯಿಗೆ ನಾನು ಕೊಟ್ಟ ಉತ್ತರ ಹಳೆಯ ದಿನಗಳದ್ದೋ, ಆ ಒಂದು ಸಂಜೆಯದ್ದೋ, ನನಗೇ ತಿಳಿಯದು.

"ಕಣ್ಣು ಕಾಣದ ಹುಡುಗನೊಬ್ಬನಿಗೆ ಪಾಠ ಓದಿ ಹೇಳ್ಲಿಕ್ಕಿತ್ತು," ಎಂದೆ. "ಅದನ್ನು ಅರ್ಧದಲ್ಲಿ ಬಿಟ್ಟು ಹೊರಡುವವಳಲ್ಲ ಅವಳು."

"ಹಾಗಾ," ಎಂದರು. ಬಾಗಿಲ ಕಡೆ ನೋಡಿ, "ಮುಗೀತಲ್ಲ, ಪಾಠ?" ಎಂದು ಕೇಳಿದರು.

"ಮುಗೀತು," ಎಂದೆ.