ಅಂಗಾಲಿನ ಬೊಟ್ಟು

ನಿನ್ನೆ ಎದುರುಮನೆಯ ಕೂಸಿಗೆ ಎಣ್ಣೆನೀರು ಹಾಕಿ, ಕೆನ್ನೆಗೊಂದು ಅಂಗಾಲಿಗೊಂದು ದೃಷ್ಟಿಬೊಟ್ಟು ಇಟ್ಟು, ನನ್ನ ಮಡಿಲಿಗೆ ಹಾಕಿದರು. ಕೆನ್ನೆಯದನ್ನು ನಾನು ಮುಟ್ಟಲಿಲ್ಲ. ಅಂಗಾಲಿನದನ್ನು ಮಾತ್ರ ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ಅಳಿಸಿಬಿಟ್ಟೆ. ಕೂಸಿನ ತಾಯಿ ನೋಡಿದ ನೋಟಕ್ಕೆ ನನಗೇ ದೃಷ್ಟಿ ತೆಗೆಸಬೇಕಿತ್ತು. ಏನು ಮಾಡಲಿ ಹೇಳಿ, ಅಂಗಾಲಲ್ಲಿ ಕಪ್ಪು ಕಂಡರೆ ಅದು ಅಳಿಸುತ್ತದೋ ಇಲ್ಲವೋ ಎಂದು ನೋಡದೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ನನ್ನ ಸೋದರತ್ತೆ ಪುಟ್ಟತಾಯಮ್ಮ ಅಂಟಿಸಿಹೋದ ಚಾಳಿ.

ಅತ್ತೆಯದು ಹನಗೋಡು. ಮನೆ, ಹೊಗೆಸೊಪ್ಪಿನ ಹೊಲ, ಹೊಳೆ, ತೀರಾ ಅಂದರೆ ಹುಣಸೂರಿನ ಸಂತೆ, ಅದರಾಚೆ ಹೋದವಳಲ್ಲ. ಮಾವನಿಗೆ ಬಸ್ಸು ಹತ್ತಿದರೆ ವಾಂತಿ, ಹಾಗಾಗಿ ಅತ್ತೆಗೂ ತಿರುಗಾಟವಿಲ್ಲ. ಅಂಥವಳ ಎಡ ಅಂಗಾಲಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ, ಹೊಸದಾಗಿ ಒಂದು ಕರಿ ಮಚ್ಚೆ ಮೂಡಿತು. ಅಂಗಾಲಲ್ಲಿ ಮಚ್ಚೆ ಇದ್ದವರು ದೇಶ ಸುತ್ತುತ್ತಾರೆಂದು ನಮ್ಮ ಕಡೆ ನಂಬಿಕೆ. ಅತ್ತೆ ಹಿಗ್ಗಿ ಹೀರೇಕಾಯಿಯಾದಳು. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಕಾಲು ತೋರಿಸುತ್ತಿದ್ದಳು.

"ನೋಡ್ಲಾ ಮಗ, ದಿನಾ ದಿನಾ ದೊಡ್ದಾಯ್ತದೆ. ನಾನು ಕಾಸಿಗೇ ಓಯ್ತೀನಿ ಬುಡು!"

ನಾವೂ ನಕ್ಕೆವು. ಬೆಳೆಯುವ ಮಚ್ಚೆ ಒಳ್ಳೆಯದಲ್ಲ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ಮಚ್ಚೆ ಒಡೆದು ರಕ್ತ ಒಸರಿದಾಗ ಹುಣಸೂರಿನ ಡಾಕ್ಟರು ಮೈಸೂರಿಗೆ ಕಳಿಸಿದರು. ಅಲ್ಲಿ ಅದಕ್ಕೆ ಮೆಲನೋಮ ಎಂದರು, ಚರ್ಮದ ಕ್ಯಾನ್ಸರು. ಅಂಗಾಲಿನ ಮಾಂಸವನ್ನೇ ಕೊಯ್ದು ತೆಗೆದರೂ ಕೆಲಕಾಲದಲ್ಲೇ ತೊಡೆಸಂದಿಯಲ್ಲಿ ಗಂಟುಗಳೆದ್ದವು. ಬೆಂಗಳೂರಿನಲ್ಲಿ ಹೊಸ ಔಷಧಿಯೊಂದನ್ನು ಪ್ರಯೋಗ ಮಾಡುತ್ತಿದ್ದಾರೆ, ಉಳಿದಿರುವುದು ಅದೊಂದೇ ಎಂದರು. ಅತ್ತೆಯ ಚಿಂತೆಯೂ ಒಂದೇ: ಮಗಳು ಗೌರಿಯ ಮದುವೆ. ಹೊಸ ಅಗ್ರಹಾರದ ಹುಡುಗ, ಬೇಸಿಗೆಗೆ ಲಗ್ನ. "ಊಟದ ಮನೇಲಿ ನಾನು ನಿಂತ್ಕಬೇಕು, ಅಷ್ಟೇಯ" ಎನ್ನುತ್ತಿದ್ದಳು.

ಊರಿನ ಯಾರ ಮದುವೆಯಾದರೂ ಪಂಕ್ತಿ ಎಬ್ಬಿಸುವ ಕೆಲಸ ಅತ್ತೆಯದು. ಉಂಡವರು ಎದ್ದರಲ್ಲವೇ ಕಾದವರು ಕೂರುವುದು? ಪಾಯಸ ಮುಗಿದ ಮೇಲೂ ಎಲೆ ಮುಂದೆ ಹರಟೆ ಹೊಡೆಯುವ ದೊಡ್ಡಮನುಷ್ಯರನ್ನು ನಗುನಗುತ್ತ ಎಬ್ಬಿಸುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ.

ಮಾವನಿಗೆ ಬಸ್ಸು ಆಗದು, ಹಾಗಾಗಿ ಬೆಂಗಳೂರಿಗೆ ಅತ್ತೆಯ ಜೊತೆ ನಾನೇ ಹೋದೆ. ಅಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಾಳ್ಮೆಯಿಂದ ಬಿಡಿಸಿ ಹೇಳಿದರು: ಮೈಯ ಜೀವಕೋಶಗಳಿಗೆ ಹೊತ್ತು ಬಂದಾಗ ತಾವಾಗಿ ಸಾಯುವ ಕಟ್ಟಳೆಯಿದೆ, ಈ ಗಂಟಿನವು ಅದಕ್ಕೆ ತಡೆ ಹಾಕಿಕೊಂಡು ಬೆಳೆಯುತ್ತಿವೆ, ಆ ತಡೆ ತೆಗೆದು ಅವು ಸಾಯುವಂತೆ ಮಾಡುವುದೇ ಈ ಔಷಧಿ. ಅದನ್ನೇ ಅತ್ತೆಗೆ ಇನ್ನೂ ಸುಲಭ ಮಾಡಿ ಹೇಳಹೋಗಿ ನಾನು ಪೂರಾ ಗೋಜಲು ಮಾಡಿದೆ. ಅತ್ತೆ ನನ್ನನ್ನು ಬಿಟ್ಟು ಡಾಕ್ಟರ ಕಡೆ ತಿರುಗಿದಳು.

"ಅಂಗಾರೆ ಉಂಡಾದ್ಮೇಲೂ ಎಲೆ ಬುಟ್ಟು ಏಳ್ದೆ ಕುಂತವೆ ಅನ್ನಿ. ನಿಮ್ಮ ಔಸ್ದಿ ಎಬ್ಬುಸ್ತದಾ?"

"ಎಬ್ಬಿಸಬಹುದು ಅಮ್ಮ. ಖಂಡಿತ ಅಂತ ಹೇಳೋಕಾಗಲ್ಲ. ತೊಂದರೇನೂ ಆಗಬಹುದು. ಬೇಡ ಅನಿಸಿದರೆ ಬೇಡ ಅನ್ನಿ."

"ನಾನೆಬ್ಬುಸ್ದಾಗ್ಲೂ ಎಲ್ರೂ ಎದ್ದಿಲ್ಲ ಕಣವ್ವ. ಕೊಡಿ, ನೋಡಾನ."

ಆಮೇಲೆ ತಿಂಗಳು ತಿಂಗಳೂ ಬೆಂಗಳೂರು. ಡ್ರಿಪ್ ಹಾಕಿಸಿಕೊಂಡು ಚಳಿಜ್ವರದಲ್ಲಿ ನಡುಗುತ್ತಿದ್ದರೂ ಅತ್ತೆ ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಟ್ಟವಳಲ್ಲ. "ಮಚ್ಚೆ ಸುಳ್ಳಾಗ್ನಿಲ್ಲ ನೋಡ್ಲಾ!" ಎಂದು ನಗುತ್ತಿದ್ದಳು. ನನಗೆ ಅಳು ಬರುತ್ತಿತ್ತು. ಅತ್ತರೆ ಬೈಸಿಕೊಳ್ಳಬೇಕಲ್ಲ ಎಂದು ತಲೆ ತಗ್ಗಿಸಿ ಕಡಲೆಕಾಯಿ ಸುಲಿಯುತ್ತಿದ್ದೆ. ಬೇಸಿಗೆಯ ಹೊತ್ತಿಗೆ ಗಂಟುಗಳು ಕರಗಿ ಒಂದು ಮಾತ್ರ ಉಳಿದಿತ್ತು.

ಗೌರಿಯ ಮದುವೆಯಲ್ಲಿ ಅತ್ತೆ ಕೋಲೂರಿಕೊಂಡು ಪಂಕ್ತಿಯ ನಡುವೆ ಓಡಾಡಿದಳು. ಗಂಡಿನ ಕಡೆಯ ಹಿರಿಯರೊಬ್ಬರು ಉಂಡು ಮುಗಿಸಿಯೂ ಕದಲಲಿಲ್ಲ.

"ಏಳಿ ಬೀಗ್ರೇ, ಬೆಂಗ್ಳೂರಿಂದ ಔಸ್ದಿ ತರುಸ್ಲಾ?"

ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಎದ್ದರು. ನಾನು ಸಾರಿನ ಬಕೆಟ್ಟು ಕೆಳಗಿಟ್ಟು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಉಳಿದಿದ್ದ ಆ ಒಂದು ಗಂಟು ಮಾತ್ರ ಎಲೆ ಬಿಟ್ಟು ಏಳಲೇ ಇಲ್ಲ. ಗೌರಿಯ ಮಗುವನ್ನು ಎತ್ತಿ ಆಡಿಸಿದ ಮೇಲೆ ಅತ್ತೆ ಹಾಸಿಗೆ ಹಿಡಿದಳು. ಆ ಔಷಧಿ ಮುಂದೆ ಅಂಗಡಿಗೆ ಬಂತೋ ಇಲ್ಲವೋ, ನಮಗೆ ಯಾರೂ ತಿಳಿಸಲಿಲ್ಲ. ಒಂದು ದಿನ ಅತ್ತೆ ನನ್ನ ಕೈ ಹಿಡಿದು, "ನಂದು ಒಟ್ಟೆ ತುಂಬ ಆಯ್ತು ಕಣ್ಲಾ ಮಗ. ಕಾಯೋರು ನಿಂತವ್ರೆ, ಏಳ್ತೀನಿ" ಎಂದಳು. ಅದೇ ವಾರ ಹೊರಟುಬಿಟ್ಟಳು.

ನಿನ್ನೆ ಉಜ್ಜಿದಾಗ ಕೂಸಿನ ಬೊಟ್ಟು ಸಲೀಸಾಗಿ ಹೋಯಿತು. ಇಷ್ಟು ವರ್ಷ ಅಷ್ಟಕ್ಕೇ ಸಮಾಧಾನವಾಗುತ್ತಿತ್ತು. ನಿನ್ನೆ ಯಾಕೋ ಕಾಡಿಗೆ ಡಬ್ಬಿ ಇಸಿದುಕೊಂಡು, ಅದೇ ಜಾಗಕ್ಕೆ ನನ್ನ ಕೈಯಾರೆ ದೊಡ್ಡದೊಂದು ಬೊಟ್ಟಿಟ್ಟೆ. ಕೂಸು ದೇಶ ಸುತ್ತಲಿ, ಕಿಟಕಿ ಪಕ್ಕವೇ ಕೂರಲಿ.