ನಡುವೆ ಸಿಕ್ಕಿದ ಊರು

ಜಿಪ್ಪಕ್ಕನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಒಂದು ಹೊಲಿಗೆ ಯಂತ್ರ ಮತ್ತು ಒಂದು ಸ್ಟೂಲು ಹಿಡಿಸುವಷ್ಟು ಜಾಗದಲ್ಲಿ ಕೂತು ಅವಳು ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಿದ್ದಳು, ಸವೆದ ಕಾಲರ್ ತಿರುವಿ ಹಾಕುತ್ತಿದ್ದಳು, ಎಲ್ಲಕ್ಕಿಂತ ಹೆಚ್ಚಾಗಿ ಕೆಟ್ಟ ಜಿಪ್ಪು ಸರಿಮಾಡುತ್ತಿದ್ದಳು. ಹಟ ಹಿಡಿದ ಜಿಪ್ಪಿಗೆ ಮೇಣದ ತುಂಡು ಉಜ್ಜಿ, ಇಕ್ಕಳದಿಂದ ಒಂದಿಷ್ಟು ಒತ್ತಿ, "ತಗೊಳ್ಳಿ, ಇನ್ನು ಮಾತು ಕೇಳುತ್ತೆ" ಎಂದು ಕೊಡುತ್ತಿದ್ದಳು.

ಅವಳ ಗಂಡ ಲಿಫ್ಟ್ ರಿಪೇರಿಯವನು. ಒಂದು ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವನು ಮತ್ತೆ ಮೇಲೇಳಲಿಲ್ಲ. ಹೃದಯ ಎಂದರು ಡಾಕ್ಟರು. ಜಿಪ್ಪಕ್ಕ ಸರಿ ಎಂದಳು. ಬಂದವರಿಗೆಲ್ಲ ಟೀ ಕೊಟ್ಟಳು, ಲೋಟ ತೊಳೆದಿಟ್ಟಳು, ಆ ವಾರವೇ ಅಂಗಡಿಯ ಬಾಗಿಲು ತೆಗೆದಳು. "ಕಣ್ಣಲ್ಲಿ ಒಂದು ಹನಿ ನೀರಿಲ್ಲ ನೋಡು, ಎಂಥ ಗಟ್ಟಿಗಿತ್ತಿ" ಎಂದು ಕೆಲವರು, "ಎಂಥ ಕಲ್ಲೆದೆ" ಎಂದು ಇನ್ನು ಕೆಲವರು. ಕಂಡವರ ಬಾಯಿಗೆ ಜಿಪ್ಪು ಹಾಕೋಕಾಗುತ್ತಾ? ಅವಳಿಗೆ ಮಾತ್ರ ಯಾವುದೂ ನಾಟುತ್ತಿರಲಿಲ್ಲ. ಊಟ ಮಾಡಿದರೆ ರುಚಿ ಇಲ್ಲ, ಬಿಟ್ಟರೆ ಹಸಿವಿಲ್ಲ, ಮಲಗಿದರೆ ನಿದ್ದೆ ಇಲ್ಲ. ಒಮ್ಮೆ ಯಂತ್ರದ ಸೂಜಿ ಬೆರಳಿಗೆ ಹೊಕ್ಕಿದ್ದು ಅವಳಿಗೆ ತಿಳಿದದ್ದೇ ಗಿರಾಕಿಯ ಬಿಳಿ ಅಂಗಿಯ ಮೇಲೆ ಕೆಂಪು ಕಲೆ ಕಂಡಾಗ. ಅಂಗಿ ಹಾಳಾಯಿತಲ್ಲ ಎಂದುಕೊಂಡಳು, ಅಷ್ಟೆ.

ಈ ಅಂಗಿಯ ಸುದ್ದಿ ಹೇಗೋ ಏನೋ ದೂರದೇಶದಲ್ಲಿದ್ದ ಅಣ್ಣನ ಕಿವಿಗೆ ಬಿತ್ತು. ಅಣ್ಣ ಪ್ಲಂಬರ್, ಮಾತು ಕಮ್ಮಿ. "ನಮ್ಮನೇಲಿ ಸ್ವಲ್ಪ ದಿನ ಇದ್ದು ಹೋಗು" ಎಂದವನು ಅವಳು ಹೂಂ ಉಹೂಂ ಅನ್ನುವ ಮುಂಚೆಯೇ ಟಿಕೆಟ್ ಮಾಡಿಸಿಬಿಟ್ಟ.

ನೇರ ವಿಮಾನ ಇರಲಿಲ್ಲ. ನಡುವೆ ಒಂದು ಊರಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು. ಆ ಊರಲ್ಲೇ ಅವಳ ತಂಗಿ ಇದ್ದಳು. ಸ್ಕೂಲ್ ವ್ಯಾನ್ ಓಡಿಸುವ ತಂಗಿ. ನಾಲಿಗೆಗೆ ಬ್ರೇಕೇ ಇಲ್ಲದವಳು. ಅಕ್ಕತಂಗಿ ಮುಖ ನೋಡಿ ವರ್ಷಗಳೇ ಆಗಿದ್ದವು. ಭಾವ ತೀರಿಕೊಂಡಾಗಲೂ ರಜೆ ಸಿಗದೆ ತಂಗಿ ಫೋನಿನಲ್ಲೇ ಅತ್ತಿದ್ದಳು.

"ಅಕ್ಕ, ನಮ್ಮೂರಲ್ಲೇ ಇಳೀತೀಯಂತೆ! ಮಧ್ಯೆ ಇಡೀ ಮಧ್ಯಾಹ್ನ ಸಿಗುತ್ತಲ್ಲ. ನಾನೇ ಬಂದು ಕರ್ಕೊಂಡು ಹೋಗ್ತೀನಿ, ಮನೇಲಿ ಊಟ ಮಾಡು, ವಾಪಸ್ ತಂದು ಬಿಡ್ತೀನಿ."

"ಆಯ್ತು" ಎಂದಳು ಜಿಪ್ಪಕ್ಕ. ಇಬ್ಬರೂ ಬಸ್ಸಿನ ಲೆಕ್ಕದಲ್ಲೇ ಮಾತಾಡಿದ್ದರು. ಬಸ್ಸು ನಿಂತರೆ ಇಳಿಯಬಹುದು, ಇಳಿದವರು ಎಲ್ಲಿ ಬೇಕಾದರೂ ಹೋಗಬಹುದು.

ವಿಮಾನ ಇಳಿಯಿತು. ಜಿಪ್ಪಕ್ಕ ಜನರ ಹಿಂದೆ ನಡೆದು, ಗಾಜಿನ ಗೂಡಿನಲ್ಲಿ ಕೂತಿದ್ದ ಅಧಿಕಾರಿಯ ಮುಂದೆ ಪಾಸ್‌ಪೋರ್ಟ್ ಇಟ್ಟಳು. ಅವನು ಪುಟ ತಿರುವಿದ, ಮತ್ತೆ ತಿರುವಿದ.

"ವೀಸಾ ಎಲ್ಲಿ?"

"ಅಣ್ಣನ ಊರಿಂದು ಅದರಲ್ಲೇ ಇದೆ."

"ಅದು ಆ ದೇಶದ್ದು. ಈ ದೇಶದ್ದು?"

ಅವಳಿಗೆ ತಲೆಬುಡ ತಿಳಿಯಲಿಲ್ಲ. ಅಧಿಕಾರಿ ಕೈಮಾಡಿ ವಿಮಾನ ಕಂಪನಿಯ ಹುಡುಗಿಯೊಬ್ಬಳನ್ನು ಕರೆದ. ಆ ಹುಡುಗಿ ಟಿಕೆಟ್ ನೋಡಿ, ಜಿಪ್ಪಕ್ಕನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಕೂರಿಸಿದಳು.

"ಆಂಟಿ, ನಿಮ್ಮದು ಲೇಓವರ್. ಅಂದ್ರೆ ಮುಂದಿನ ವಿಮಾನ ಬರೋತನಕ ಇಲ್ಲೇ ಕಾಯೋದು. ನಿಮ್ಮ ಪೆಟ್ಟಿಗೆ ಕೂಡ ಇಲ್ಲಿ ನಿಮ್ಮ ಕೈಗೆ ಬರಲ್ಲ, ಸೀದಾ ಅಣ್ಣನ ಊರಿಗೆ ಹೋಗುತ್ತೆ."

"ಹೊರಗೆ ತಂಗಿ ನಿಂತಿದಾಳೆ."

"ವೀಸಾ ಇದ್ದಿದ್ರೆ ಹೋಗಿ ಬರಬಹುದಿತ್ತು, ನಿಮ್ಮ ಹತ್ರ ಇಲ್ವಲ್ಲ. ತಂಗಿ ಮನೇಲಿ ಒಂದೆರಡು ದಿನ ಇರಬೇಕು ಅಂದ್ರೆ ಟಿಕೆಟ್ ಮಾಡಿಸುವಾಗಲೇ ಹೇಳಿ ಸ್ಟಾಪ್‌ಓವರ್ ಹಾಕಿಸಬೇಕಿತ್ತು. ಅದಕ್ಕೂ ವೀಸಾ ಬೇಕು. ಆಗ ಪೆಟ್ಟಿಗೆ ತಗೊಂಡು, ಹೊರಗೆ ಹೋಗಿ, ಇದ್ದು, ಆಮೇಲೆ ಮುಂದಿನ ವಿಮಾನ. ಇದ್ರಲ್ಲಿ ಕಾಯೋದು, ಅದ್ರಲ್ಲಿ ಉಳಿಯೋದು. ಅಷ್ಟೇ ವ್ಯತ್ಯಾಸ."

"ಅಷ್ಟೇನಾ?" ಎಂದಳು ಜಿಪ್ಪಕ್ಕ. ಹುಡುಗಿಗೇ ಪಾಪ ಅನ್ನಿಸಿ, ಕುಡಿಯಲು ನೀರು ತಂದುಕೊಟ್ಟು ಹೋದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊರಗಿದ್ದ ತಂಗಿಗೆ ಫೋನ್ ಮಾಡಿ ವಿಷಯ ಹೇಳಿದರೆ ಅವಳು ಮೊದಲು ಅಧಿಕಾರಿಗೆ ಬೈದಳು, ಆಮೇಲೆ ಅಣ್ಣನಿಗೆ, ಕೊನೆಗೆ ತನಗೇ. "ಇಲ್ಲೇ ಕಂಬದ ಹತ್ರ ನಿಂತಿದೀನಿ ಅಕ್ಕ. ಒಂದು ಗೋಡೆ ಕಣೇ ನಮ್ಮಿಬ್ಬರ ಮಧ್ಯೆ, ಒಂದೇ ಒಂದು ಗೋಡೆ!" ಎಂದು ಗೋಳೋ ಎಂದು ಅತ್ತಳು. ಜಿಪ್ಪಕ್ಕ ಫೋನನ್ನು ಕಿವಿಗಿಟ್ಟುಕೊಂಡು ನೆಲದ ಟೈಲ್ಸ್ ನೋಡುತ್ತ ಕೂತಳು. ಕುರ್ಚಿ ತಣ್ಣಗಿತ್ತು. ಅದು ಮಾತ್ರ ಗೊತ್ತಾಗುತ್ತಿತ್ತು.

"ಮನೆಗೆ ಹೋಗೇ. ಯಾಕೆ ನಿಂತಿರ್ತೀಯಾ?"

"ಹೋಗಲ್ಲ. ನಿನ್ನ ವಿಮಾನ ಹೋಗೋವರೆಗೂ ಇಲ್ಲೇ ಇರ್ತೀನಿ." ಸ್ವಲ್ಪ ಹೊತ್ತಿಗೆ ಡಬ್ಬಿ ತೆಗೆದ ಸದ್ದು ಕೇಳಿಸಿತು. "ದಾರೀಲಿ ಹಸಿವಾದ್ರೆ ಅಂತ ನಿಂಗೆ ತಂದಿದ್ದೆ. ಕೆಟ್ಟುಹೋಗುತ್ತೆ. ನಿನ್ನ ಪಾಲೂ ನಾನೇ ತಿಂತಾ ಇದೀನಿ."

"ತಿನ್ನು" ಎಂದಳು ಅಕ್ಕ. ತಂಗಿ ಅಳುತ್ತ ಅಗಿಯುವುದನ್ನು ಕೇಳುತ್ತ ಕೇಳುತ್ತ ಅವಳ ಮಧ್ಯಾಹ್ನ ಕಳೆಯಿತು.

ಅಣ್ಣನ ಮನೆಯಲ್ಲಿ ಅತ್ತಿಗೆ ಚೆನ್ನಾಗಿಯೇ ನೋಡಿಕೊಂಡಳು. ಜಿಪ್ಪಕ್ಕ ಆ ಮನೆಯ ಪರದೆಗಳಿಗೆಲ್ಲ ಹೊಸ ಅಂಚು ಹೊಲಿದಳು, ಅದು ಮುಗಿದ ಮೇಲೆ ಪಕ್ಕದ ಮನೆಯವರದಕ್ಕೂ ಹೊಲಿದಳು. ಕಿಟಕಿಯಾಚೆ ನೋಡು ಎಂದರೆ ನೋಡುತ್ತಿದ್ದಳು, ಸಾಕು ಎಂದರೆ ಬಿಡುತ್ತಿದ್ದಳು. ಹೊರಡುವ ದಿನ ಹತ್ತಿರವಾದಾಗ, ಒಂದು ಸಂಜೆ, ನಲ್ಲಿಯ ವಾಷರ್ ಬದಲಿಸುತ್ತಿದ್ದ ಅಣ್ಣನ ಬಳಿ ಬಂದು ನಿಂತಳು.

"ಅಣ್ಣಾ, ವಾಪಸ್ ಹೋಗೋ ಟಿಕೆಟ್ ಬದಲಾಯಿಸೋಕಾಗುತ್ತಾ? ಸ್ಟಾಪ್‌ಓವರ್ ಹಾಕಿಸು. ಲೇಓವರ್ ಬೇಡ. ವೀಸಾನೂ ಮಾಡಿಸು."

ಅಣ್ಣ ಸ್ಪ್ಯಾನರ್ ಹಿಡಿದುಕೊಂಡೇ ತಿರುಗಿ ನೋಡಿದ. ಗಂಡ ಹೋದಮೇಲೆ ಅವಳು ತನಗಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. "ಮಾಡಿಸ್ತೀನಿ" ಎಂದ.

ಈ ಸಲ ಗಾಜಿನ ಗೂಡಿನವನು ಮುದ್ರೆ ಒತ್ತಿದ, ಪೆಟ್ಟಿಗೆ ಉರುಳಿಕೊಂಡು ಬಂದು ಕೈಗೆ ಸಿಕ್ಕಿತು, ಬಾಗಿಲಾಚೆ ತಂಗಿ ಓಡಿಬಂದು ತೆಕ್ಕೆಬಿದ್ದಳು. ಎರಡು ದಿನಕ್ಕೆ ತಂಗಿ ಏನೇನೋ ಯೋಜನೆ ಹಾಕಿದ್ದಳು: ಸಮುದ್ರ, ಎತ್ತರದ ಗೋಪುರ, ದೊಡ್ಡ ಅಂಗಡಿ. ಜಿಪ್ಪಕ್ಕ ಎಲ್ಲದಕ್ಕೂ "ನಿನ್ನಿಷ್ಟ" ಎಂದಳು. ಸಮುದ್ರದ ಮುಂದೆ ನಿಲ್ಲಿಸಿದರೆ ನಿಂತಳು. ಹಳೆಯ ಫೋಟೋ ತೆಗೆದು ಭಾವನ ಮುಖ ತೋರಿಸಿದರೆ, "ಈ ಅಂಗಿ ನಾನೇ ಹೊಲಿದಿದ್ದು" ಎಂದಳು. ತಂಗಿಗೆ ತಡೆಯಲಾಗಲಿಲ್ಲ.

"ಏನಾಗಿದೆ ಅಕ್ಕ ನಿಂಗೆ? ಬೈಯಿ, ಅಳು, ಏನಾದ್ರೂ ಮಾಡು!"

"ಏನೂ ಆಗ್ತಿಲ್ಲ ಕಣೆ" ಎಂದಳು ಜಿಪ್ಪಕ್ಕ ಮೆಲ್ಲಗೆ. "ಅದೇ ನನಗೂ ತಿಳೀತಿಲ್ಲ. ಎಲ್ಲರೂ ಗಟ್ಟಿ ಅಂತಾರೆ. ಗಟ್ಟಿ ಅಲ್ಲ. ಜೋಮು ಹಿಡಿದ ಕಾಲು ಇರುತ್ತಲ್ಲ, ಹಾಗೆ."

ಯಾರಿಗೂ ಹೇಳದ ಮಾತು ಅದು. ತಂಗಿ ಫೋಟೋ ಒಳಗಿಟ್ಟು ಅಕ್ಕನ ಕೈ ಹಿಡಿದುಕೊಂಡಳು.

ಮರುದಿನ ತಂಗಿ ಎಲ್ಲ ಯೋಜನೆಯನ್ನೂ ಕೈಬಿಟ್ಟು ಅಕ್ಕನನ್ನು ತನ್ನ ಜೊತೆ ವ್ಯಾನಿನಲ್ಲಿ ಕೂರಿಸಿಕೊಂಡು ಹೋದಳು. ಹಿಂದೆ ಮಕ್ಕಳ ಗಲಾಟೆ. ಒಬ್ಬಳ ಪೆನ್ಸಿಲ್ ಇನ್ನೊಬ್ಬಳ ಜಡೆಯಲ್ಲಿ. ಮುಂದಿನ ಸೀಟಿನಲ್ಲಿ ಬಿಸಿಲು ಬೀಳುತ್ತಿತ್ತು. ಮಕ್ಕಳೆಲ್ಲ ಶಾಲೆಯ ಗೇಟಿನಲ್ಲಿ ಇಳಿದಾಗ ತಂಗಿ ತಿರುಗಿ ನೋಡಿದಳು. ಜಿಪ್ಪಕ್ಕ ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ನಿದ್ದೆಹೋಗಿದ್ದಳು.

ತಂಗಿ ವ್ಯಾನನ್ನು ಮರದ ಕೆಳಗೆ ನಿಲ್ಲಿಸಿ, ಎಂಜಿನ್ ಆರಿಸಿ, ಅಲ್ಲೇ ಕೂತಳು. ಆ ದಿನ ಅವಳು ಅಷ್ಟು ಹೊತ್ತು ಬಾಯಿಮುಚ್ಚಿಕೊಂಡು ಇದ್ದದ್ದನ್ನು ಹೇಳಿದರೆ ಅವಳ ಗಂಡನೇ ನಂಬುತ್ತಿರಲಿಲ್ಲ. ಎದ್ದಾಗ ಜಿಪ್ಪಕ್ಕನ ಕೆನ್ನೆಯ ಮೇಲೆ ಕಿಟಕಿಯ ರಬ್ಬರಿನ ಗುರುತು ಮೂಡಿತ್ತು.

"ಏನಾದ್ರೂ ತಿನ್ನೋಕೆ ಇದೆಯೇನೆ?" ಎಂದು ಕೇಳಿದಳು.

ಅಂದು ಸಂಜೆ ಅವಳ ವಿಮಾನ. ಬೀಳ್ಕೊಡುವಾಗಲೂ ತಂಗಿಯೇ ಅತ್ತಳು, ಅಕ್ಕ ಅಳಲಿಲ್ಲ. ಊರಿಗೆ ಬಂದ ಮಾರನೇ ದಿನ ಜಿಪ್ಪಕ್ಕ ಅಂಗಡಿ ತೆಗೆದು ಯಂತ್ರದ ಧೂಳು ಒರೆಸುತ್ತಿದ್ದಾಗ ಪಕ್ಕದ ಚಪ್ಪಲಿ ಅಂಗಡಿಯವನು ಇಣುಕಿದ.

"ಏನಕ್ಕಾ, ಎರಡು ದೇಶ ಸುತ್ತಿ ಬಂದ್ರಂತೆ! ಏನೇನು ನೋಡಿದ್ರಿ?"

"ತಂಗಿ ಊರಲ್ಲಿ ಒಂದೊಳ್ಳೆ ನಿದ್ದೆ ಮಾಡಿದೆ."

"ಅಯ್ಯೋ, ಅಷ್ಟು ದೂರ ಹೋಗಿ ನಿದ್ದೇನಾ?"

"ಹೂಂ" ಎಂದು ಜಿಪ್ಪಕ್ಕ ಸೂಜಿಗೆ ದಾರ ಪೋಣಿಸಿದಳು.