ಬಿಲ್ಲಿನ ಬದಲಿಗೆ ಸುತ್ತಿದ ಪಟಗ

"ನಮ್ಮಂಥವರ ಹೆಸರಿಗೆ ಸರ್ಕಾರದ ಸರ್ಟಿಫಿಕೇಟ್ ಬರಂಗಿಲ್ಲವ್ವಾ" ಎಂದವನು ನನ್ನ ಕಾಕಾ ದೇವಪ್ಪ, ಅಪ್ಪನ ತಮ್ಮ. ಆ ಮಾತನ್ನು ಎರಡು ಸಲ ಸುಳ್ಳು ಮಾಡಿದವಳು ನಾನು. ಕೊನೆಗೆ ಅದನ್ನು ನಿಜ ಮಾಡಿದವಳೂ ನಾನೇ. ಕಾಕಾನಿಗೆ ನಾನು ಮೋಸ ಮಾಡಿದೆ — ನಗುತ್ತ, ನಾಲ್ಕು ಮಂದಿಯ ಎದುರಿಗೆ, ಅವನ ತಲೆಗೆ ಮರ್ಯಾದೆಯ ಪಟಗ ಸುತ್ತಿ.

ಮೊದಲ ಸಲ ಸುಳ್ಳಾದದ್ದು ನಾನು ಡಿಗ್ರಿ ಮುಗಿಸಿದಾಗ. ಹುಲಿಹೈದರದ ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಹತ್ತನೆಯ ತರಗತಿ ದಾಟಿರಲಿಲ್ಲ. ನಾನು ಕೊಪ್ಪಳದ ಸರ್ಕಾರಿ ಹಾಸ್ಟೆಲಿನಲ್ಲಿ ಉಂಡು, ಸ್ಕಾಲರ್‌ಶಿಪ್ಪಿನಲ್ಲಿ ಪುಸ್ತಕ ಕೊಂಡು ಓದಿದವಳು. ಇದನ್ನು ನಾಚಿಕೊಂಡು ಹೇಳುತ್ತಿಲ್ಲ, ಜಂಬದಿಂದಲೇ ಹೇಳುತ್ತಿದ್ದೇನೆ. ಭಾಗ್ಯನಗರದಲ್ಲಿ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದ ಕಾಕಾ ನನ್ನ ಪದವಿ ಪತ್ರವನ್ನು ಮುಟ್ಟಲು ಅಂಜಿದ. ಕೈಯ ಕರಿ ಹತ್ತೀತೆಂದು ಟೇಪು ಹಿಡಿದು ಅಳತೆಯಷ್ಟೇ ತೆಗೆದುಕೊಂಡು ಹೋದ. ಆಮೇಲೆ ಕಬ್ಬಿಣದ ಫ್ರೇಮ್ ಮಾಡಿ ತಂದ — ಮೂಲೆಗೊಂದು ಎಲೆ, ಎತ್ತಲು ಎರಡು ಕೈ ಬೇಕು ಅಷ್ಟು ಭಾರ.

ಎರಡನೆಯ ಸಲ, ಅವನದೇ ಹೆಸರಿಗೆ. ಅಷ್ಟರಲ್ಲಿ ನಾನು ಯಲಬುರ್ಗಾ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದೆ. ಕಾಕಾನಿಗೆ ಒಂದೇ ಆಸೆ: ಸಾಲಿ ಮಕ್ಕಳ ಬೆಂಚು ಮಾಡಿಕೊಡುವ ದೊಡ್ಡ ಕೆಲಸ ಹಿಡಿಯಬೇಕು, ಅದಕ್ಕೊಂದು ಕಟಿಂಗ್ ಮಷೀನು ಬೇಕು. ಮಷೀನಿಗೆ ಬ್ಯಾಂಕಿನ ಸಾಲ, ಸಾಲಕ್ಕೆ ವ್ಯಾಪಾರದ ಪುರಾವೆ, ಪುರಾವೆಗೆ ಜಿಎಸ್‌ಟಿ ನೋಂದಣಿ.

"ಅವೆಲ್ಲ ದೊಡ್ಡ ಮಂದಿಗವ್ವಾ" ಎಂದು ಹಿಂಜರಿದ. ನಾನು ಬಿಡಲಿಲ್ಲ. ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿದೆ: "ಎಲ್ಲಾರಿಗೂ ಬಿಲ್ ಕೊಡು ಕಾಕಾ. ಹಾಸ್ಟೆಲಿನ್ಯಾಗ ನಾ ಉಂಡ ಅನ್ನ ಯಾರೋ ಕಟ್ಟಿದ ತೆರಿಗಿದು. ಇನ್ನ ಮ್ಯಾಲ ನೀನೂ ಕಟ್ಟಾಂವ." ಅವನಿಗೆ ಆ ಮಾತು ನಾಟಿತು. ಸರ್ಟಿಫಿಕೇಟ್ ಬಂದಾಗ ಅದಕ್ಕೂ ಅಂಥದೇ ಫ್ರೇಮ್ ಮಾಡಿ ಶೆಡ್ಡಿನ ಗೋಡೆಗೆ ತೂಗುಹಾಕಿದ. ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ. "ನಮ್ಮ ರೇಣುಕಾ ಮಾಡಿಸಿದ್ದರಿ."

ಆಮೇಲೆ — ನನ್ನ ಮನೆ ಎದ್ದಿತು.

ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲ ಕಟಾಂಜನ, ಎಲ್ಲವನ್ನೂ ಕಾಕಾನೇ ಮಾಡಿದ. ಕೆಲಸ ಮುಗಿದ ಮೇಲೆ ಒದ್ದಾಡಿಕೊಂಡು ಬರೆದ ಬಿಲ್ಲನ್ನು ತಂದು ನನ್ನ ಕೈಗಿಟ್ಟ. ತಿದ್ದಲು ಕೊಟ್ಟ ಹೋಂವರ್ಕಿನ ಹಾಗೆ. ನನ್ನ ಕಣ್ಣು ತೆರಿಗೆಯ ಸಾಲಿಗೆ ಹೋಗಿ ನಿಂತಿತು.

"ನಮ್ಮ ನಮ್ಮೊಳಗ ಎಂಥಾ ಬಿಲ್ಲು ಕಾಕಾ? ನಗದು ಕೊಡ್ತೀನಿ ಬಿಡು."

"ನೀನ ಹೇಳಿದ್ದೆಲ್ಲವ್ವಾ, ಎಲ್ಲಾರಿಗೂ ಕೊಡು ಅಂತ?"

"ಅದು ಹೊರಗಿನವರಿಗೆ."

ಅವನು ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡ. ಆಗ ನನಗೆ ಅಡಚಣೆ ಇತ್ತು ಎಂದು ಬರೆಯಬಹುದು. ಇರಲಿಲ್ಲ. ಉಳಿಸಿದ ತೆರಿಗೆಯ ರೊಕ್ಕದಲ್ಲಿ ಹಾಲಿಗೆ ಹೂವಿನ ಸೀಲಿಂಗ್ ಮಾಡಿಸಿದೆ.

ಇಷ್ಟಕ್ಕೇ ನಿಂತಿದ್ದರೆ — ಇಲ್ಲ, ಇಷ್ಟಕ್ಕೇ ನಿಂತಿದ್ದರೂ ಅದು ತಪ್ಪೇ. ಆದರೆ ನಿಲ್ಲಲಿಲ್ಲ.

ವಾಸ್ತು ಶಾಂತಿಯ ದಿನ ಮನೆ ಕಟ್ಟಿದವರಿಗೆ ಆಯೇರು ಮಾಡುವುದು ನಮ್ಮ ಕಡೆಯ ಪದ್ಧತಿ. ಗೌಂಡಿಗೆ, ಬಡಿಗೇರನಿಗೆ ಧೋತರ ಕೊಟ್ಟು ಪಟಗ ಸುತ್ತಿದೆವು. ಕಾಕಾನಿಗೆ ಎಲ್ಲರಿಗಿಂತ ಉದ್ದನೆಯ, ಜರಿಯಂಚಿನ ಪಟಗ. ಸೋದರತ್ತೆ ನೀಲವ್ವ ಸುಮ್ಮನಿರುವವಳೇ? "ಏನ ರೇಣುಕಾ, ಪಟಗಾ ಸುತ್ತಿ ರೇಟ್ ಇಳಿಸಿಕೊಂಡಿ ಏನ?" ಎಂದು ಕೂಗಿದಳು.

ನಾನು ನಕ್ಕು ಅಂದೆ: "ಬಿಲ್ಲಿನ ಬದ್ಲಿ ಆಯೇರು, ಅತ್ತಿ!"

ಇಡೀ ಪೆಂಡಾಲು ನಕ್ಕಿತು. ಪಟಗದ ಕೆಳಗೆ ಕಾಕಾನೂ ನಕ್ಕ. ಆ ನಗೆ ಎಂಥದಿತ್ತೆಂದು ಆಗ ನೋಡಿದ್ದರೆ...

ಬೀಗರು, ಅಣ್ಣತಮ್ಮಂದಿರು, ಓಣಿಯವರು, ಎಲ್ಲರೂ ಅದನ್ನೇ ಹಿಡಿದರು. "ಟೀಚರಮ್ಮಗ ಮಾಡಿದಂಗ ನಮಗೂ ಮಾಡಪಾ. ನಾವೇನು ಪಟಗಾ ಸುತ್ತೂದಿಲ್ಲೇನು?" ಸುತ್ತಿದ ಪಟಗವನ್ನು ತಲೆಯಿಂದ ತೆಗೆದು, ಬಿಲ್ ತಗೋರಿ ಎನ್ನುವುದು ಹೇಗೆ? ಸ್ವಂತ ಮಗಳಂಥವಳೇ ಬೇಡ ಎಂದ ಮೇಲೆ ಮಿಕ್ಕವರಿಗೆ ಯಾವ ಬಾಯಿಂದ ಹೇಳಬೇಕು? ಶೆಡ್ಡಿನ ಹಗ್ಗದ ಮೇಲೆ ಪಟಗಗಳು ಹೆಚ್ಚುತ್ತ ಹೋದವು. ಬಿಲ್ ಪುಸ್ತಕ ಮಾತ್ರ ಇದ್ದಷ್ಟೇ ದಪ್ಪ ಉಳಿಯಿತು.

ಬ್ಯಾಂಕಿನವರು ಅವನ ಕಾಗದ ತಿರುವಿ ನೋಡಿ, "ಇದರಾಗ ನೋಡಿದ್ರ ನಿಮ್ಮ ಶೆಡ್ಡಿನ್ಯಾಗ ಕೆಲಸನ ಇಲ್ಲಲ್ರಿ, ಯಜಮಾನ್ರ" ಎಂದರಂತೆ. ಸಾಲ ಸಿಗಲಿಲ್ಲ. ಮಷೀನು ಬರಲಿಲ್ಲ. ಬೆಂಚಿನ ಕೆಲಸ ಗಂಗಾವತಿಯವರ ಪಾಲಾಯಿತು. ಮೇಲೆ ತೆರಿಗೆ ಕಚೇರಿಯ ನೋಟಿಸು: ಕಬ್ಬಿಣ ಕೊಂಡ ಬಿಲ್ಲುಗಳಿವೆ, ಆ ಕಬ್ಬಿಣ ಏನಾಯಿತು? ಯಾರ ಯಾರ ಮನೆಗೆ ಹಾಕಿದೆ ಎಂದು ಕೇಳಿದರೆ ಕಾಕಾ ಬಾಯಿಬಿಡಲಿಲ್ಲ. "ನಮ್ಮ ಹುಡಿಗಿ ಸರ್ಕಾರಿ ನೌಕರಿಯಾಗ ಅದಾಳ" ಎಂದು ಮನೆಯಲ್ಲಿ ಕಾಕಿಯ ಹತ್ತಿರ ಅಂದನಂತೆ. ದಂಡ ಕಟ್ಟಿ ಬಂದ. ಇದನ್ನೆಲ್ಲ ಕಾಕಿ ನನಗೆ ಹೇಳಿದ್ದು ಬಹಳ ತಡವಾಗಿ, ಅದೂ ಜಗಳದ ಬಾಯಲ್ಲಿ.

ಮರುದಿನವೇ ಶೆಡ್ಡಿಗೆ ಹೋದೆ. ಕಾಕಾ ಯಾವುದೋ ಕಿಟಕಿಗೆ ಗ್ರೈಂಡರ್ ಹಿಡಿದಿದ್ದ. ನನ್ನನ್ನು ನೋಡಿ ಆರಿಸಿದ.

"ಕಾಕಾ, ನನ್ನ ಗೇಟಿನ ಬಿಲ್ ಈಗ ಬರಿ. ತೆರಿಗಿ ನಾ ಕಟ್ತೀನಿ. ನೀ ಕಟ್ಟಿದ ದಂಡಾನೂ ಕೊಡ್ತೀನಿ."

"ಯಾವ ನಂಬರ್ ಹಾಕಿ ಬರೀಲಿ? ನೋಂದಣಿ ರದ್ದು ಮಾಡಿಸೀನಿ."

ನಾನು ಏನೋ ಹೇಳಹೋದೆ. ತಪ್ಪಾಯಿತು ಎಂದೋ, ಮತ್ತೆ ಮಾಡಿಸೋಣ ಎಂದೋ — ಅವನು ಕೈಯೆತ್ತಿ ತಡೆದ.

"ಮಂದಿ ಬ್ಯಾಡ ಅಂದಿದ್ದಕ್ಕ ನನಗೇನೂ ಅನಸಿಲ್ಲವ್ವಾ. ಅವರೇನು ನನಗ ಪಾಠ ಹೇಳಿದ್ದಿಲ್ಲ. ನೀ ಹೇಳಿದ್ದಿ."

ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡ. ಗೋಡೆಯ ಫ್ರೇಮನ್ನು ಮೊಳೆಯಿಂದ ಬಿಡಿಸಿ, ಗಾಜಿನ ಮೇಲಿನ ಧೂಳು ಒರೆಸಿ, ನನ್ನ ಎರಡೂ ಕೈಯಲ್ಲಿ ಇಟ್ಟ. ಕಬ್ಬಿಣ ತಣ್ಣಗಿತ್ತು. ನಾನು ಬೇಡ ಎನ್ನಲಿಲ್ಲ. ಎನ್ನುವ ಹಕ್ಕು ನನಗೆ ಎಲ್ಲಿ ಉಳಿದಿತ್ತು?

"ಒಯ್ಯಿ" ಎಂದ ಕಾಕಾ. "ನಿನ್ನ ಡಿಗ್ರಿ ಸರ್ಟಿಫಿಕೇಟಿನ ಮಗ್ಗಲಕ್ಕ ಹಾಕ್ಕೋ. ಎರಡೂ ಒಂದ ಅಳತಿ ಮಾಡೀನಿ."